ಜಲಗಾರನ ಪೊರಕೆ ಹಿಡಿದು ಎರಡು ತಿಂಗಳು: ನಮ್ಮ ಹೈಸ್ಕೂಲಿನ ಏಕಪಾತ್ರಾಭಿನಯದ ತಯಾರಿ

ಜುಲೈ 8

ಕಲಾ ಉತ್ಸವದ ಸುತ್ತೋಲೆ ಇವತ್ತು ಸ್ಟಾಫ್ ರೂಮಿಗೆ ಬಂತು. ನಾನು ಮೊದಲು ಹುಡುಕಿದ್ದು ನಾಟಕದ ಸಾಲು. ಏಕಪಾತ್ರಾಭಿನಯ ಇದೆ. ಸಾಗರ ತಾಲ್ಲೂಕಿನಲ್ಲಿ ಇದ್ದುಕೊಂಡು, ನೀನಾಸಂ ರಂಗಶಾಲೆ ಇರುವ ಹೆಗ್ಗೋಡಿಗೆ ಬಸ್ಸಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಇದ್ದುಕೊಂಡು, ನಮ್ಮ ಶಾಲೆಯಿಂದ ಇಷ್ಟು ವರ್ಷ ಒಂದು ಮಗುವೂ ನಾಟಕಕ್ಕೆ ಹೋಗಿಲ್ಲ ಅನ್ನೋದು ನನ್ನ ಮನಸ್ಸಲ್ಲಿ ಕೊರೆಯುತ್ತಲೇ ಇತ್ತು.

ಗೊತ್ತಿಲ್ಲದವರಿಗೆ: ಕಲಾ ಉತ್ಸವ ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ್ದು, 9ರಿಂದ 12ನೇ ತರಗತಿವರೆಗಿನ ಮಕ್ಕಳಿಗೆ. ಜಿಲ್ಲೆಯಲ್ಲಿ ಗೆದ್ದರೆ ರಾಜ್ಯ, ಅಲ್ಲಿಂದ ರಾಷ್ಟ್ರ ಮಟ್ಟ. ಪ್ರತಿಭಾ ಕಾರಂಜಿಯಷ್ಟು ನಮ್ಮ ಕಡೆ ಜನರ ಬಾಯಲ್ಲಿ ಇಲ್ಲ, ಅಷ್ಟೇ.

ಮಧ್ಯಾಹ್ನ ಒಂಬತ್ತನೇ ಕ್ಲಾಸಿನಲ್ಲಿ ಕೇಳಿದೆ. ಎದ್ದು ನಿಂತವಳು ಒಬ್ಬಳೇ. ಪ್ರಾರ್ಥನೆಯ ಹೊತ್ತಿಗೆ ದಿನಪತ್ರಿಕೆ ಓದುವ ಹುಡುಗಿ, ದನಿ ದೊಡ್ಡದು. "ನಾನು ಮಾಡ್ತೀನಿ ಮೇಡಂ, ಆದ್ರೆ ನಂಗೆ ಅಳೋಕೆ ಬರಲ್ಲ" ಅಂದಳು. ಅಳೋಕೆ ಬರದಿದ್ದರೆ ಒಳ್ಳೇದೇ ಆಯ್ತು ಅಂದೆ.

ಜುಲೈ 13

ಯಾವ ನಾಟಕ ಅನ್ನೋದಕ್ಕೇ ಐದು ದಿನ ಹೋಯಿತು. ಮನೆಯವರು, ಬೇರೆ ಟೀಚರ್‌ಗಳು, ಎಲ್ಲರೂ ಹೇಳಿದ್ದು ಕಿತ್ತೂರು ಚೆನ್ನಮ್ಮ. ಚೆನ್ನಮ್ಮನ ಬಗ್ಗೆ ನನಗೆ ತುಂಬು ಗೌರವ ಇದೆ. ಆದರೆ ಸ್ಪರ್ಧೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕತ್ತಿ ಎತ್ತಿ ಕೂಗುವ ಮಕ್ಕಳನ್ನು ನೋಡಿ ನೋಡಿ ನನಗೆ ಅನ್ನಿಸಿದ್ದು ಒಂದೇ. ಹದಿನಾಲ್ಕು ವರ್ಷದ ಮಗುವಿಗೆ ಯುದ್ಧ ಗೊತ್ತಿಲ್ಲ, ಹಾಗಾಗಿ ಕೂಗು ಮಾತ್ರ ಉಳಿಯುತ್ತೆ.

ಮಗುವಿನ ಕೈಗೆ ಗೊತ್ತಿರುವ ಕೆಲಸ ಇರುವ ಪಾತ್ರ ಬೇಕಿತ್ತು. ಕುವೆಂಪು ಅವರ ಜಲಗಾರ ಅಲ್ಲಿ ಹೊಳೆಯಿತು. 1928ರ ನಾಟಕ, ಚಿಕ್ಕದು. ಬೆಳಗಿನ ಜಾವ ಹಾಡುತ್ತಾ ಬೀದಿ ಗುಡಿಸುವ ಜಲಗಾರ. ಊರಿನವರೆಲ್ಲ ಶಿವಾಲಯಕ್ಕೆ ಹೊರಟಿದ್ದಾರೆ, ದಾರಿಯಲ್ಲಿ ಅವನ ಜೊತೆ ಮಾತಾಡಿ ಹೋಗುತ್ತಾರೆ. ಗುಡಿಯೊಳಗೆ ಅವನಿಗೆ ಜಾಗ ಇಲ್ಲ. ಕೊನೆಗೆ ಶಿವನೇ ಅವನಿದ್ದಲ್ಲಿಗೆ ಬಂದು, ತಾನೂ ಜಗದ ಜಲಗಾರ ಎನ್ನುತ್ತಾನೆ.

ಹುಡುಗಿಗೆ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೊರಕೆ ನಮ್ಮನೆಯಿಂದ ತರ್ಲಾ?" ಅಂದಳು.

ಹೆಣ್ಣುಮಗು ಗಂಡು ಪಾತ್ರ ಯಾಕೆ ಅಂತ ಒಬ್ಬರು ಕೇಳಿದರು. ಗುಡಿಸುವ ಕೆಲಸ ಯಾರದು, ನಮ್ಮ ಊರಿನ ಬೀದಿ ನೋಡಿದರೆ ಗೊತ್ತಾಗುತ್ತೆ ಅಲ್ವಾ.

ಜುಲೈ 20

ಸುಮಾರು ನಲವತ್ತು ಸಾಲು ಆರಿಸಿದ್ದೇವೆ. ಹಾಡು, ಗುಡಿಸುವುದು ಎಲ್ಲ ಸೇರಿ ಐದು ನಿಮಿಷಕ್ಕೆ ಕೂರಬೇಕು. ಹೆಚ್ಚಾದರೆ ನಾನೇ ಕತ್ತರಿ ಹಾಕುತ್ತೇನೆ, ಅವಳ ಮಾತಿನ ವೇಗ ಮಾತ್ರ ಹೆಚ್ಚಿಸುವುದಿಲ್ಲ.

ಈ ವಾರದ ಕಷ್ಟ ಭಾಷೆ. ಮಾತೆಲ್ಲ ಸರಳರಗಳೆಯಲ್ಲಿದೆ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ (ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಅವುಗಳ ಗುಂಪು), ಪ್ರಾಸದ ಕಟ್ಟು ಇಲ್ಲ. ಛಂದಸ್ಸು ಅಂದರೆ ಮಕ್ಕಳಿಗೆ ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಿ ಮಾರ್ಕ್ಸ್ ತಗೊಳ್ಳುವ ವಿಷಯ. ಲಘು-ಗುರು ಗೆರೆ ಎಳೆದು ಮುಗಿಸುತ್ತಾರೆ, ಬಾಯಲ್ಲಿ ಅದು ಹೇಗೆ ನಡೆಯುತ್ತೆ ಅಂತ ಯಾರೂ ಕೇಳಿಸುವುದೇ ಇಲ್ಲ. ನಾವು ಬೆಂಚಿನ ಮೇಲೆ ಬೆರಳಿನಲ್ಲಿ ಐದೈದು ತಟ್ಟುತ್ತಾ ಓದಿದೆವು. ಎರಡನೇ ದಿನ ಅವಳೇ ಕಂಡುಹಿಡಿದಳು, ಪೊರಕೆಯ ಒಂದೊಂದು ಬೀಸಿಗೆ ಒಂದೊಂದು ಗಣ ಸರಿಯಾಗಿ ಬರುತ್ತೆ ಅಂತ. ನಾನು ಇಪ್ಪತ್ತು ವರ್ಷದಿಂದ ರಗಳೆ ಪಾಠ ಮಾಡುತ್ತಿದ್ದೇನೆ, ಹೀಗೆ ಯಾವ ಮಗುವೂ ನನಗೆ ತೋರಿಸಿರಲಿಲ್ಲ. ಆ ಖುಷಿಗೆ ಅವತ್ತು ಕ್ಲಾಸು ಬೇಗ ಬಿಟ್ಟೆ.

ಆದರೆ ಅದೇ ಒಂದು ತೊಂದರೆಯೂ ಆಯಿತು. ಲಯ ಸಿಕ್ಕ ಮೇಲೆ ಮಗ್ಗಿ ಹೇಳಿದ ಹಾಗೆ ಹೇಳತೊಡಗಿದಳು, ಪ್ರತಿ ಸಾಲಿನ ಕೊನೆಗೂ ನಿಲ್ಲುವುದು. ಸರಳರಗಳೆಯಲ್ಲಿ ವಾಕ್ಯ ಸಾಲು ದಾಟಿ ಹೋಗುತ್ತೆ, ಅರ್ಥ ಮುಗಿದಲ್ಲಿ ಉಸಿರು ತಗೋಬೇಕು, ಸಾಲು ಮುಗಿದಲ್ಲಿ ಅಲ್ಲ. ಈಗ ನಲವತ್ತೂ ಸಾಲನ್ನು ಗದ್ಯದ ಹಾಗೆ ಒಂದೇ ಉದ್ದಕ್ಕೆ ಬರೆದು, ಉಸಿರಿನ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇವೆ. ಅದು ಕೆಲಸ ಮಾಡಿತು. ಪದ್ಯ ಕಲಿಸುವವರಿಗೆ ನಾನು ಇದನ್ನು ಖಂಡಿತ ಹೇಳುತ್ತೇನೆ: ಮೊದಲು ಸಾಲು ಮುರಿದು ಗದ್ಯ ಮಾಡಿ ಕೊಡಿ, ಲಯ ಆಮೇಲೆ ತಾನಾಗೇ ವಾಪಸ್ ಬರುತ್ತೆ.

ಜುಲೈ 27

ಮೂರು ದಿನ ಮಳೆ ರಜೆ. ಏನೂ ಆಗಿಲ್ಲ. ಅವಳು ಮನೆಯಲ್ಲಿ ಮಾತು ಬಾಯಿಪಾಠ ಮಾಡಿದ್ದಾಳೆ.

ಆಗಸ್ಟ್ 3

ಶನಿವಾರ ಬೆಳಗ್ಗೆ ಆರಕ್ಕೆ ಅವಳನ್ನೂ ಅವರ ಅಮ್ಮನನ್ನೂ ಕರೆದುಕೊಂಡು ಪೇಟೆಗೆ ಹೋದೆ. ಮಳೆ ಹೊಳವಾಗಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ರಸ್ತೆಯಲ್ಲಿ ಗುಡಿಸುತ್ತಿದ್ದ ಪೌರಕಾರ್ಮಿಕ ಅಮ್ಮನಿಗೆ ವಿಷಯ ಹೇಳಿ, ಸ್ವಲ್ಪ ಹೊತ್ತು ನೋಡಬಹುದಾ ಅಂತ ಕೇಳಿದೆವು. "ನೋಡಿ, ಇದರಲ್ಲೇನಿದೆ" ಅಂದರು.

ಅದರಲ್ಲಿ ತುಂಬಾ ಇತ್ತು. ಶಾಲೆಯಲ್ಲಿ ಹುಡುಗಿ ಗುಡಿಸುತ್ತಿದ್ದದ್ದು ಮನೆ ಗುಡಿಸುವ ಹಾಗೆ, ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ. ಬೀದಿಯ ಪೊರಕೆ ಬೇರೆ. ತೆಂಗಿನ ಕಡ್ಡಿಯ ಕಟ್ಟಿಗೆ ಉದ್ದದ ಬಿದಿರು ಕೋಲು, ಎರಡೂ ಕೈಯಲ್ಲಿ ಹಿಡಿಯಬೇಕು. ಒಂದು ಕೈ ಎದೆಯ ಹತ್ತಿರ ನಿಂತಿರುತ್ತೆ, ಇನ್ನೊಂದು ಕೆಳಗಿದ್ದು ಎಳೆಯುತ್ತೆ. ತೋಳಿಗಿಂತ ಜಾಸ್ತಿ ಕೆಲಸ ಸೊಂಟದ್ದು. ಒದ್ದೆ ಎಲೆ ರಸ್ತೆಗೆ ಅಂಟಿಕೊಂಡಿದ್ದರೆ ಆ ಅಮ್ಮ ಪೊರಕೆಯನ್ನು ಸ್ವಲ್ಪ ನೆಟ್ಟಗೆ ಮಾಡಿ, ತುದಿಯಿಂದ ಎರಡು ಸಲ ಕೆರೆದು, ಆಮೇಲೆ ಬೀಸುತ್ತಿದ್ದರು. ನಡುನಡುವೆ ಕೋಲನ್ನು ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟುತ್ತಿದ್ದರು. ಯಾಕೆ ಅಂತ ಹುಡುಗಿ ಕೇಳಿದಳು. ಗುಡಿಸ್ತಾ ಗುಡಿಸ್ತಾ ಕಡ್ಡಿ ಸಡಿಲ ಆಗುತ್ತೆ, ಕುಟ್ಟಿದರೆ ಮತ್ತೆ ಬಿಗಿಯಾಗುತ್ತೆ ಅಂದರು. ಬೇಸಿಗೆಯಲ್ಲಾದರೆ ಗಾಳಿಗೆ ಬೆನ್ನು ಕೊಟ್ಟು ಗುಡಿಸಬೇಕಂತೆ, ಇಲ್ಲದಿದ್ದರೆ ಧೂಳೆಲ್ಲ ಮುಖಕ್ಕೇ.

ಆಮೇಲೆ ಅವರು ಪೊರಕೆಯನ್ನು ಹುಡುಗಿಯ ಕೈಗೆ ಕೊಟ್ಟರು. ಹತ್ತು ಹೆಜ್ಜೆ ಗುಡಿಸುವಷ್ಟರಲ್ಲಿ ಇವಳ ಅಂಗೈ ಕೆಂಪಾಯಿತು. ಆ ಹತ್ತು ನಿಮಿಷದಲ್ಲಿ ದೇವಸ್ಥಾನಕ್ಕೆ ಹೋಗುವ ನಾಲ್ಕೈದು ಜನ ಗುಡ್ಡೆ ಮಾಡಿದ ಕಸವನ್ನೇ ತುಳಿದುಕೊಂಡು ಹೋದರು. ಒಬ್ಬರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಆಗಸ್ಟ್ 10

ಕುಟ್ಟುವುದು ನಾಟಕದೊಳಗೆ ಬಂದಿದೆ. ಗುಡಿಗೆ ಬಾ ಅಂತ ದಾರಿಹೋಕರು ಕರೆದಾಗ ಅವಳು ಉತ್ತರ ಕೊಡುವ ಮೊದಲು ಪೊರಕೆ ತಲೆಕೆಳಗು ಮಾಡಿ ಎರಡು ಸಲ ಕುಟ್ಟುತ್ತಾಳೆ. ಆ ಎರಡು ಸದ್ದಿನಲ್ಲಿ ಅವನು ಯೋಚನೆ ಮಾಡುವುದು ಕಾಣುತ್ತೆ.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ಏಕಪಾತ್ರಾಭಿನಯದಲ್ಲಿ ವೇದಿಕೆ ಮೇಲೆ ಒಬ್ಬಳೇ ಇರುತ್ತಾಳೆ, ಆದರೆ ದೃಶ್ಯದಲ್ಲಿ ಒಬ್ಬಳೇ ಇರುವುದಿಲ್ಲ. ಎದುರಿಗೆ ಇಲ್ಲದವರನ್ನು ನೋಡುವವರಿಗೆ ಕಾಣಿಸಬೇಕು. ಇಡೀ ತಯಾರಿಯಲ್ಲಿ ನನಗೆ ಮುಖ್ಯ ಅನ್ನಿಸಿರುವುದು ಇದೇ. ಮೊದಲು ಅವಳು ಎಲ್ಲರ ಮಾತನ್ನೂ ತಾನೇ ಹೇಳುತ್ತಿದ್ದಳು. ಎಡಕ್ಕೆ ತಿರುಗಿ ರೈತ, ಬಲಕ್ಕೆ ತಿರುಗಿ ತರುಣ, ದನಿ ಬದಲಾಯಿಸಿ. ಚೆನ್ನಾಗಿಯೇ ಮಾಡುತ್ತಿದ್ದಳು, ಮಕ್ಕಳು ಚಪ್ಪಾಳೆ ಹೊಡೆದರು. ಆದರೆ ಅದು ಮಿಮಿಕ್ರಿ. ಜಲಗಾರ ಕಳೆದುಹೋಗುತ್ತಿದ್ದ. ಬೇರೆಯವರ ಮಾತೆಲ್ಲ ತೆಗೆದುಹಾಕಿದೆವು. ಈಗ ಅವಳು ಕೇಳಿಸಿಕೊಳ್ಳುತ್ತಾಳೆ, ಉತ್ತರ ಕೊಡುತ್ತಾಳೆ, ಅಷ್ಟೇ.

ಕೇಳಿಸಿಕೊಳ್ಳುವುದೇ ಕಷ್ಟ. ಮಕ್ಕಳು ಎದುರಿನವರ ಮಾತು ಮುಗಿಯುವವರೆಗೆ ಕಾಯುವುದಿಲ್ಲ. ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಎದುರಿಗೆ ನಿಲ್ಲಿಸಿ, ನಿಜವಾಗಿ ಆ ಮಾತುಗಳನ್ನು ಹೇಳಿಸಿ ಒಂದು ವಾರ ಆಡಿಸಿದೆ. ಆಮೇಲೆ ಅವರನ್ನು ಕೂರಿಸಿದೆ. ಅವರು ನಿಂತಿದ್ದ ಜಾಗ ಇವಳ ಕಣ್ಣಲ್ಲಿ ಉಳಿಯಿತು. ಗೋಡೆಯಲ್ಲಿ ಗುರುತೂ ಇಟ್ಟುಕೊಂಡಿದ್ದೇವೆ, ರೈತನಿಗೆ ಕಿಟಕಿಯ ಚಿಲಕ, ತರುಣರಿಗೆ ಭಾರತದ ನಕ್ಷೆಯ ಅಂಚು.

ಆಗಸ್ಟ್ 17

ಮಳೆ ಧೋ ಅಂತ ಸುರಿಯುತ್ತಿದೆ. ಶಾಲೆಯ ಹಾಲ್‌ನ ಮಾಡು ಶೀಟಿನದು, ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ. ಹುಡುಗಿ ಅದರ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ತಪ್ಪು ನನ್ನದು, ನಿಲ್ಲಿಸಬೇಕಿತ್ತು. ಎರಡು ದಿನ ಮಾತೇ ಬೇಡ ಅಂದೆ, ಬಿಸಿನೀರು ಮಾತ್ರ.

ಆ ಎರಡು ದಿನ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ಹೊಟ್ಟೆ ಮೇಲೆ ನೋಟ್‌ಬುಕ್ ಇಟ್ಟು ಉಸಿರಾಡಿಸಿದೆ. ನೋಟ್‌ಬುಕ್ ಏಳಬೇಕು, ಹೆಗಲು ಏಳಬಾರದು. ದನಿ ವಾಪಸ್ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಅವಳ ಮಾತು ಹಿಂದಿನ ಬೆಂಚಿಗೆ ತಲುಪದೇ ಇರಲು ಕಾರಣ ದನಿ ಸಣ್ಣದಿರುವುದಲ್ಲ, ಪದದ ಕೊನೆಯ ಸ್ವರ ನುಂಗುವುದು. ನಾವೆಲ್ಲ ಮಾತಾಡುವಾಗ ಹಾಗೇ ನುಂಗುತ್ತೇವೆ. ಆದರೆ ಪದ್ಯದಲ್ಲಿ ಆ ಕೊನೆಯ 'ಉ'ಕಾರ ಹೋದರೆ ಒಂದು ಮಾತ್ರೆಯೇ ಹೋಯಿತು. ಪಿಸುಮಾತಿನಲ್ಲಿ ಇಡೀ ಭಾಗ ಹೇಳಿಸಿ, ಹಿಂದಿನ ಬೆಂಚಿನವರಿಗೆ ಪ್ರತಿ ಅಕ್ಷರ ಕೇಳಬೇಕು ಅಂತ ಷರತ್ತು ಹಾಕಿದೆ. ನಾಲ್ಕು ದಿನದಲ್ಲಿ ತಿದ್ದಿಕೊಂಡಳು.

ಆಗಸ್ಟ್ 24

ಶಿವ ಬರುವ ಭಾಗ. ಅವಳು ಕತ್ತು ಎತ್ತಿ ಮೇಲೆ ನೋಡುತ್ತಿದ್ದಳು, ಕ್ಯಾಲೆಂಡರಿನ ಶಿವನನ್ನು ನೋಡುವ ಹಾಗೆ, ಕೈಮುಗಿದು. ಎಷ್ಟು ಸಲ ಮಾಡಿದರೂ ಸುಳ್ಳು ಅನ್ನಿಸುತ್ತಿತ್ತು, ಯಾಕೆ ಅಂತ ನನಗೂ ಹೇಳಲು ಬರುತ್ತಿರಲಿಲ್ಲ. ಅವಳೇ ಕೇಳಿದಳು: "ಮೇಡಂ, ಶಿವನೂ ಜಲಗಾರ ಅಂದ್ಮೇಲೆ ಅವನು ಯಾಕೆ ಮೇಲಿರ್ತಾನೆ? ನನ್ ಎದುರಿಗೇ ನಿಂತಿರ್ತಾನೆ ಅಲ್ವಾ?"

ಹೌದು. ಅಷ್ಟೇ. ಅವಳ ಎತ್ತರದ ಒಬ್ಬ ಹುಡುಗಿಯನ್ನು ಎದುರಿಗೆ ನಿಲ್ಲಿಸಿದೆವು. ಕಣ್ಣಿಗೆ ಕಣ್ಣು ನೇರ. ಕೈಮುಗಿಯುವುದು ಬಿಟ್ಟು ಪೊರಕೆ ಗಟ್ಟಿಯಾಗಿ ಹಿಡಿದುಕೊಂಡಳು. ಮಾತು ತಾನಾಗೇ ಮೆಲ್ಲಗಾಯಿತು. ನಾನು ಕಿಟಕಿ ಕಡೆ ತಿರುಗಿ ನಿಂತೆ, ಕಣ್ಣು ತುಂಬಿತ್ತು. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಸೆಪ್ಟೆಂಬರ್ 2

ವೇಷ ತೀರ್ಮಾನ ಆಯಿತು. ಮೊಣಕಾಲಿಗೆ ಎತ್ತಿ ಕಟ್ಟಿದ ಹಳೇ ಪಂಚೆ, ಮಾಸಿದ ಅಂಗಿ, ತಲೆಗೆ ಟವಲ್. ಮೀಸೆ ಬೇಡ, ಮುಖಕ್ಕೆ ಬಣ್ಣ ಬೇಡ. ಬಿದಿರು ಕೋಲಿನ ಪೊರಕೆ ಅವರ ಅಪ್ಪ ಕಟ್ಟಿಕೊಟ್ಟಿದ್ದಾರೆ. ಕಡ್ಡಿಗಳನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟಿದ್ದಾರೆ, ಕುಟ್ಟಿದಾಗ ಸದ್ದು ಬರಲಿ ಅಂತ.

ಸಮಯ 4 ನಿಮಿಷ 50 ಸೆಕೆಂಡ್. ಏಳನೇ ಕ್ಲಾಸಿನ ಮಕ್ಕಳ ಎದುರು, ಅಡುಗೆಯವರ ಎದುರು, ಪೋಷಕರ ಸಭೆಯಲ್ಲಿ, ಒಟ್ಟು ಆರು ಸಲ ಆಡಿಸಿದ್ದೇನೆ. ಜನರ ಎದುರು ಆಡದೇ ಸ್ಪರ್ಧೆಗೆ ಹೋಗಬಾರದು. ಎಲ್ಲಿ ನಗುತ್ತಾರೆ, ಎಲ್ಲಿ ಕೆಮ್ಮುತ್ತಾರೆ ಅಂತ ಮಗುವಿಗೆ ಮೊದಲೇ ಗೊತ್ತಿರಬೇಕು.

ಸೆಪ್ಟೆಂಬರ್ 11

ಶಿವಮೊಗ್ಗ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆವು. ಕಂಡಕ್ಟರ್ ಪೊರಕೆ ನೋಡಿ ಎಲ್ಲಿಗೆ ಅಂದರು, ಹುಡುಗಿ ನಾಟಕಕ್ಕೆ ಅಂದಳು. ಡ್ರೈವರ್ ಸೀಟಿನ ಹಿಂದೆ ಜಾಗ ಮಾಡಿಕೊಟ್ಟರು.

ಅವಳದು ಒಂಬತ್ತನೇ ಸರದಿ. ಸಭಾಂಗಣ ನಮ್ಮ ಹಾಲಿಗಿಂತ ಮೂರು ಪಟ್ಟು ದೊಡ್ಡದು. ಚಿಲಕವೂ ಇಲ್ಲ, ನಕ್ಷೆಯೂ ಇಲ್ಲ. ಮೊದಲ ಹಾಡಿನಲ್ಲಿ ದನಿ ಸ್ವಲ್ಪ ನಡುಗಿತು. ಗುಡಿಸಲು ಶುರು ಮಾಡಿದ ಮೇಲೆ ಸರಿಹೋಯಿತು, ಕೈಗೆ ಕೆಲಸ ಇತ್ತು. ನಡುವೆ ಒಂದೂವರೆ ಸಾಲು ಮರೆತಳು. ನಿಂತು, ಪೊರಕೆ ತಲೆಕೆಳಗು ಮಾಡಿ ಕುಟ್ಟಿದಳು, ಮುಂದಿನ ಸಾಲು ಬಂತು. ನನಗೊಬ್ಬಳಿಗೇ ಗೊತ್ತಾಗಿದ್ದು.

ಆಮೇಲೆ ಶಿವ. ಅವಳು ತೀರ್ಪುಗಾರರ ಮೇಜಿನ ಪಕ್ಕದ ದಾರಿಯ ಕಡೆ ನೇರ ನೋಡಿದಳು, ತನ್ನಷ್ಟೇ ಎತ್ತರದ ಒಬ್ಬರನ್ನು ನೋಡುವ ಹಾಗೆ. ಮಾತಾಡಲಿಲ್ಲ, ಕೇಳಿಸಿಕೊಂಡಳು. ಆಗ ತುದಿಯಲ್ಲಿ ಕೂತಿದ್ದ ತೀರ್ಪುಗಾರರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ತಿರುಗಿ, ಆ ಖಾಲಿ ದಾರಿಯ ಕಡೆ ನೋಡಿದರು.

ಎರಡನೇ ಸ್ಥಾನ ಬಂತು. ರಾಜ್ಯ ಮಟ್ಟಕ್ಕೆ ಮೊದಲನೆಯವರು ಹೋಗುತ್ತಾರೆ. ಆ ಹುಡುಗನ ಅಭಿನಯ ನಿಜಕ್ಕೂ ಚೆನ್ನಾಗಿತ್ತು, ನಮ್ಮ ಹುಡುಗಿ ಹೋಗಿ ಅವನಿಗೆ ಹೇಳಿ ಬಂದಳು. ಬಸ್ಸಲ್ಲಿ ಆಯನೂರು ದಾಟುವವರೆಗೆ ಕಿಟಕಿ ಹೊರಗೆ ನೋಡುತ್ತಾ ಕೂತಿದ್ದಳು. ಆಮೇಲೆ ಬ್ಯಾಗಿನಿಂದ ಆ ಕೆಂಪು ಗುರುತಿನ ಹಾಳೆ ತೆಗೆದು, ಮರೆತ ಒಂದೂವರೆ ಸಾಲಿನ ಹತ್ತಿರ ಬೆರಳಿಟ್ಟು, "ಇಲ್ಲಿ ಉಸಿರು ತಪ್ಪಾಗಿ ತಗೊಂಡೆ ಮೇಡಂ, ಅದಕ್ಕೇ" ಅಂದಳು. ನೋಡಿದೆ. ಅವಳು ಹೇಳಿದ್ದು ಸರಿ. ಗುರುತನ್ನು ಎರಡು ಪದ ಮುಂದಕ್ಕೆ ಹಾಕಿದೆವು. ಶನಿವಾರ ಬೆಳಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಆ ಅಮ್ಮನಿಗೆ ಆಡಿ ತೋರಿಸುತ್ತಾಳಂತೆ.