ಎರಡು ಸೀಟು, ಒಂದೇ ಪ್ರಶ್ನೆಪತ್ರಿಕೆ

ಬಿ.ಕಾಂ. ಮುಗಿಸಿದ ವರ್ಷ ಮೂರು ವರ್ಷದ ಎಲ್‌ಎಲ್‌ಬಿಗೆ ನನಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಬೆಂಗಳೂರಿನ ಕಾಲೇಜು, ಇನ್ನೊಂದು ತುಮಕೂರಿನದು. ಶನಿವಾರದೊಳಗೆ ಫೀಸು ಕಟ್ಟಿ ಅಂತ ಎರಡೂ ಕಡೆಯವರು ಹೇಳಿದ್ದರು. ಮನೆಯಲ್ಲಿ ಎಲ್ಲರೂ ಬೆಂಗಳೂರು ಅಂದರು. ಅಪ್ಪ ಎಲ್ಲರಿಗಿಂತ ಜಾಸ್ತಿ. ನಮ್ಮ ಊರಿನಿಂದ ಮಧುಗಿರಿ ಮೇಲೆ ತುಮಕೂರಿಗೆ ಬಂದು ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಮಾಡಿದವಳು ನಾನು. ಇಷ್ಟು ದೂರ ಬಂದಾಗಿದೆ, ಇನ್ನೊಂದು ಎಪ್ಪತ್ತು ಕಿಲೋಮೀಟರ್ ಹೋಗೋಕೆ ಏನು ಕಷ್ಟ ಅಂತ ಅವರ ಮಾತು.

ನಮ್ಮದು ಪಾವಗಡ ತಾಲ್ಲೂಕು, ತಿರುಮಣಿ ಕಡೆ. ಅಲ್ಲಿಯ ಸೋಲಾರ್ ಪಾರ್ಕ್ ಬಗ್ಗೆ ನೀವು ಕೇಳಿರುತ್ತೀರಿ. ಸುಮಾರು 13,000 ಎಕರೆ. ರೈತರು ಆ ಜಮೀನನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಗಿತ್ತು. ನಮ್ಮ ಹೊಲವೂ ಅದರಲ್ಲಿ ಸೇರಿದೆ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಕಾಲದಲ್ಲಿ ಆ ನೆಲಕ್ಕಾಗಿ ಯಾರೂ ಜಗಳ ಆಡುತ್ತಿರಲಿಲ್ಲ. ಬಾಡಿಗೆ ಬರೋಕೆ ಶುರುವಾದ ಮೇಲೆ ಪಹಣಿಯಲ್ಲಿ, ಅಂದರೆ ಜಮೀನಿನ ಸರ್ಕಾರಿ ದಾಖಲೆಯಲ್ಲಿ, ಮಾಲೀಕರ ಹೆಸರು ಬರೆಯೋ 9ನೇ ಕಾಲಂನಲ್ಲಿ ಯಾರ ಹೆಸರಿದೆ ಅಂತ ಊರೆಲ್ಲ ನೋಡತೊಡಗಿತು. ನಮ್ಮ ಪಹಣಿಯಲ್ಲಿ ಅಪ್ಪನ ಹೆಸರಿದೆ, ಚಿಕ್ಕಪ್ಪನ ಹೆಸರಿದೆ. ಸೋದರತ್ತೆಯ ಹೆಸರಿಲ್ಲ. ಅತ್ತೆ ಇದುವರೆಗೂ ಕೇಳಿಲ್ಲ. ಆದರೆ ಕೇಳಿದರೆ ಏನು ಉತ್ತರ ಅನ್ನೋದು ನನ್ನನ್ನು ಬಿಡಲಿಲ್ಲ. ಲಾ ಓದಬೇಕು ಅನಿಸಿದ್ದು ಆಗಲೇ.

ಮೊದಲು ಬೆಂಗಳೂರಿನ ಕಾಲೇಜು ನೋಡಿಬಂದೆ. ಚೆನ್ನಾಗಿತ್ತು. ದೊಡ್ಡ ಲೈಬ್ರರಿ, ಅಣಕು ನ್ಯಾಯಾಲಯಕ್ಕೆ ಅಂತಲೇ ಒಂದು ಹಾಲ್. ಅಲ್ಲಿಯ ಸೀನಿಯರ್‌ಗಳು ಪ್ರೀತಿಯಿಂದ ಮಾತಾಡಿಸಿದರು. ಕಂಪನಿ ಕೆಲಸ, ಲಾ ಫರ್ಮ್, ಹೈಕೋರ್ಟ್ ಅಂತ ಅವರ ಮಾತು. ಹೊರಡುವಾಗ ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕೊಡಿಸಿದರು.

ರೈಲಿನಲ್ಲಿ ವಾಪಸ್ ಬರುತ್ತಾ ಅದನ್ನು ತೆಗೆದು ನೋಡಿದೆ. ತುಮಕೂರಿನಲ್ಲಿ ಲಾ ಓದುತ್ತಿದ್ದ ನನ್ನ ರೂಮ್‌ಮೇಟ್ ಹತ್ತಿರ ಇದ್ದದ್ದೂ ಅದೇ ಪತ್ರಿಕೆ. ಎರಡು ಕಾಲೇಜೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಒಂದೇ ಸಿಲಬಸ್, ಒಂದೇ ಪರೀಕ್ಷೆ, ಕೊನೆಗೆ ಸಿಗೋ ಡಿಗ್ರಿಯೂ ಒಂದೇ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುತ್ತವೆ. ಉತ್ತರವನ್ನು ಯಾವುದಾದರೂ ಒಂದರಲ್ಲಿ ಪೂರ್ತಿ ಬರೆಯಬೇಕು. ಹಾಗಾದರೆ ನಾನು ಆರಿಸಬೇಕಾದದ್ದು ಏನನ್ನು? ಕ್ಲಾಸ್ ಮುಗಿದ ಮೇಲೆ ಉಳಿಯೋ ಹೊತ್ತನ್ನು ಎಲ್ಲಿ ಕಳೆಯಬೇಕು ಅನ್ನೋದನ್ನು, ಅಷ್ಟೇ.

ಗುರುವಾರ ರೂಮ್‌ಮೇಟ್ ತುಮಕೂರಿನ ಕೋರ್ಟಿಗೆ ಕರೆದುಕೊಂಡು ಹೋದಳು. ಕೋರ್ಟ್ ಹಾಲ್‌ಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆಯವರು ಕೋರ್ಟ್ ಅಂದರೆ ಬಾಗಿಲಲ್ಲೇ ನಿಲ್ಲುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತೆವು. ಒಂದಿಷ್ಟು ಕೇಸುಗಳಿಗೆ ವಾಯಿದೆ ಕೊಟ್ಟ ಮೇಲೆ ಒಂದು ಆಸ್ತಿ ವಿಭಾಗದ ದಾವೆ ಕೂಗಿದರು. ಅಣ್ಣತಮ್ಮಂದಿರ ಮೇಲೆ ಪಾಲು ಕೇಳಿ ದಾವೆ ಹಾಕಿದ್ದ ವಯಸ್ಸಾದ ಹೆಂಗಸು ಸಾಕ್ಷಿ ಕಟಕಟೆಗೆ ಬಂದರು. ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಗೆ ಪ್ರಶ್ನೆ ಕೇಳೋದು, ಶುರುವಾಯಿತು.

ಪ್ರತಿವಾದಿಗಳ ವಕೀಲರು ಮೆತ್ತಗೆ ಕೇಳಿದರು, "ನಿಮ್ಮ ತಂದೆ ಇದ್ದಾಗಲೇ ಪಾಲಾಗಿತ್ತು ಅಂದರೆ ಸರಿ ಅಲ್ವಾ?"

"ಆಗಿತ್ತು ಸ್ವಾಮಿ, ಉಳೋಕೆ. ನೀನು ಈ ಕಡೆ ಉತ್ಕೋ, ನೀನು ಆ ಕಡೆ ಉತ್ಕೋ ಅಂತ. ಪತ್ರ ಗಿತ್ರ ಏನಿಲ್ಲ."

ವಕೀಲರು "ಪಾಲಾಗಿತ್ತು ಅಂದರೆ ಸರಿ" ಅಂತ ಮುಂದಕ್ಕೆ ಹೊರಟರು. ಕೂಡಲೇ ಆ ಹೆಂಗಸಿನ ಪರ ವಕೀಲೆ ಎದ್ದು ನಿಂತು ಉತ್ತರವನ್ನು ಪೂರ್ತಿ ದಾಖಲಿಸಬೇಕು ಅಂತ ಕೋರಿದರು. ನ್ಯಾಯಾಧೀಶರು ಒಪ್ಪಿದರು. ಇಡೀ ಉತ್ತರವನ್ನು ಕನ್ನಡದಲ್ಲೇ ಹೇಳಿ ಟೈಪ್ ಮಾಡಿಸಿದರು.

ಆ ಹೊತ್ತಿಗೆ ಅದರ ತೂಕ ನನಗೆ ಅರ್ಥವಾಗಿರಲಿಲ್ಲ. ಹೊರಗೆ ಬಂದ ಮೇಲೆ ಆ ವಕೀಲೆಯನ್ನೇ ಕೇಳಿದೆ. ಅವರು ನಿಂತುಕೊಂಡೇ ಬಿಡಿಸಿ ಹೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಯ್ದೆ ಒಪ್ಪುವ ರೀತಿಯಲ್ಲಿ ಪಾಲಾಗಿದ್ದರೆ ಅದನ್ನು ಮುಟ್ಟೋ ಹಾಗಿಲ್ಲ. ರಿಜಿಸ್ಟರ್ ಆದ ಪತ್ರ ಇರಬೇಕು, ಇಲ್ಲವೇ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ. ಬರೀ ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಲ್ಲ. ಅದಕ್ಕೇ ಆ ಅಜ್ಜಿಯ ಉತ್ತರ ಅರ್ಧ ದಾಖಲಾಗೋದಕ್ಕೂ ಪೂರ್ತಿ ದಾಖಲಾಗೋದಕ್ಕೂ ಅಷ್ಟು ವ್ಯತ್ಯಾಸ. ನಾಳೆ ಕೇಸು ಮೇಲ್ಮನವಿಗೆ ಹೋದರೂ ಅಲ್ಲಿ ಓದೋದು ಇಲ್ಲಿ ಬರೆದುಕೊಂಡ ಸಾಕ್ಷ್ಯವನ್ನೇ.

ನಾನು ಎರಡು ಸೀಟಿನ ವಿಷಯ ಹೇಳಿದೆ. ಅವರು ತುಮಕೂರು ಅನ್ನುತ್ತಾರೆ ಅಂದುಕೊಂಡಿದ್ದೆ. "ಬೆಂಗಳೂರನ್ನ ಸುಮ್ನೆ ತಳ್ಳಿಹಾಕಬೇಡಮ್ಮ" ಅಂದರು. "ಹೈಕೋರ್ಟಿನ ಭಾಷೆ ಇಂಗ್ಲಿಷ್. ತೀರ್ಪುಗಳೂ ಇಂಗ್ಲಿಷ್. ಅದು ಬರದಿದ್ದರೆ ಇಲ್ಲೂ ಒದ್ದಾಡ್ತೀಯ."

ಅವರ ಮಾತು ಸರಿ. ಇಂಗ್ಲಿಷ್ ನನಗೆ ಈಗಲೂ ನಿಧಾನ. ಆದರೂ ಆ ಸಂಜೆ ಹಾಸ್ಟೆಲ್‌ಗೆ ನಡೆದು ಬರುವಾಗ ಮನಸ್ಸು ಗಟ್ಟಿಯಾಗಿತ್ತು. ತೀರ್ಪನ್ನು ಎಲ್ಲಿ ಕೂತು ಬೇಕಾದರೂ ಓದಿ ಕಲಿಯಬಹುದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ರಾತ್ರಿಯೆಲ್ಲ ಓದಬಹುದು. ಒಬ್ಬ ರೈತ ಹೆಂಗಸಿನ ಉತ್ತರ ಅರ್ಧಕ್ಕೇ ನಿಲ್ಲುವಾಗ ಎದ್ದು ನಿಲ್ಲೋದನ್ನು ಕಲಿಯೋಕೆ ದಿನವೂ ಅಂಥ ಹಾಲ್‌ನಲ್ಲಿ ಕೂರಬೇಕು. ಅಂಥ ಕೋರ್ಟು ಬೆಂಗಳೂರಿನಲ್ಲೂ ಇದೆ, ಗೊತ್ತು. ಆದರೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ), ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ) ಅಂತ ಕಾಗದ ಹಿಡಿದು ಬರೋ ನನ್ನ ಜಿಲ್ಲೆಯ ಜನ ಇಲ್ಲಿದ್ದಾರೆ. ನಾನು ಕೊನೆಗೆ ಕರಿ ಕೋಟು ಹಾಕಬೇಕೆಂದಿರೋದು ಪಾವಗಡದ ಕೋರ್ಟಿನಲ್ಲಿ.

ಶುಕ್ರವಾರ ತುಮಕೂರಿನಲ್ಲಿ ಫೀಸು ಕಟ್ಟಿ ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಹೈಕೋರ್ಟ್ ನೋಡದೇ ವಕೀಲೆ ಆಗ್ತೀಯಾ?" ಅಂದರು. ಮೂರು ವರ್ಷದ ಕೋರ್ಸಿನಲ್ಲಿ ಹನ್ನೆರಡು ವಾರ ಇಂಟರ್ನ್‌ಶಿಪ್ ಮಾಡಲೇಬೇಕು ಅಂತ ಬಾರ್ ಕೌನ್ಸಿಲ್ ನಿಯಮವಿದೆ. ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡೋ ಹಾಗಿಲ್ಲ. ಮೊದಲ ನಾಲ್ಕು ವಾರ ಬೆಂಗಳೂರಿನ ಹೈಕೋರ್ಟ್ ವಕೀಲರ ಹತ್ತಿರವೇ ಮಾಡ್ತೀನಿ ಅಂತ ಮಾತು ಕೊಟ್ಟೆ. ಅಪ್ಪ ಒಪ್ಪಿದರು. ಅದೇ ಫೋನಿನಲ್ಲಿ ನಮ್ಮ ಹೊಲದ ಹಳೆಯ ಪಹಣಿಗಳನ್ನೂ, ಪಾಲಿನ ಪತ್ರ ಏನಾದರೂ ಇದ್ದರೆ ಅದನ್ನೂ ಮುಂದಿನ ಸಲ ಬರುವಾಗ ತನ್ನಿ ಅಂತ ಕೇಳಿದೆ. ಯಾಕೆ ಅಂತ ಅವರು ಕೇಳಿದರು. ಅತ್ತೆಯ ವಿಷಯ ಅಂತ ನೇರವಾಗಿಯೇ ಹೇಳಿದೆ.