ನಾಫ್ಲಿಯೊಗೆ ಹೋಗೋರು ಊಟಕ್ಕೆ ಇಳಿದು ಹೊರಡಬೇಡಿ, ಎರಡು ರಾತ್ರಿ ಉಳ್ಕೊಳ್ಳಿ

ಅಥೆನ್ಸ್‌ಗೆ ಹೋಗೋ ನಮ್ಮೋರು ಸಾಮಾನ್ಯವಾಗಿ ಒಂದು ದಿನದ ಬಸ್ ಟೂರ್ ತಗೋತಾರೆ, ಹಳೇ ಗ್ರೀಕ್ ಅವಶೇಷಗಳಿರೋ ಮೈಸಿನೀ, ಎಪಿಡಾರಸ್, ನಡುವೆ ನಾಫ್ಲಿಯೊ ಅನ್ನೋ ಸಮುದ್ರದಂಡೆ ಊರಲ್ಲಿ ಒಂದೂವರೆ ಗಂಟೆ. ಆ ಒಂದೂವರೆ ಗಂಟೇಲಿ ಊಟ, ಐಸ್‌ಕ್ರೀಮ್, ಸಮುದ್ರದ ಮುಂದೆ ನಾಲ್ಕು ಫೋಟೋ, ಅಷ್ಟಕ್ಕೇ ಗೈಡ್ ಕರೀತಾನೆ. ನಾವೂ ಹಂಗೇ ಮಾಡೋದ್ರಲ್ಲಿದ್ವಿ, ಆದ್ರೆ ಅಮ್ಮ ಮೈಸೂರಿಂದ ಬಂದಿದ್ರು, ಅವರನ್ನ ಬೆಳಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಲ್ಲಿ ಕೂರ್ಸೋದು ಬೇಡ ಅಂತ ಹೆಂಡತಿ ಅಂದ್ಲು, ಹಾಗಾಗಿ ಊರಲ್ಲೇ ಎರಡು ರಾತ್ರಿ ರೂಮ್ ಹಿಡಿದ್ವಿ. ಒಳ್ಳೇದೇ ಆಯ್ತು.

ಮೊದಲು ಎಲ್ರೂ ಕೇಳೋ ಪ್ರಶ್ನೆಗೆ ಉತ್ತರ, ವೀಸಾ ಏನು, ಹೋಗೋದು ಹೇಗೆ ಅಂತ. ನಾವಿರೋದು ಮ್ಯೂನಿಕ್‌ನಲ್ಲಿ, ಅಮ್ಮನ ವೀಸಾ ಜರ್ಮನಿಯದು. ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಕ್ಕೆ ನಡೆಯೋ ಒಂದೇ ವೀಸಾ, ಆಗಿದ್ರೆ ಗ್ರೀಸ್‌ಗೆ ಬೇರೆ ವೀಸಾ ಬೇಡ, ಆದ್ರೆ ಹೆಚ್ಚು ದಿನ ಎಲ್ಲಿರ್ತೀರೋ ಆ ದೇಶದ್ದೇ ವೀಸಾ ತಗೊಂಡಿರ್ಬೇಕು, ಇನ್ಶೂರೆನ್ಸ್ ಷೆಂಗೆನ್ ಪೂರ್ತಿ ಕವರ್ ಮಾಡ್ಬೇಕು. ಅಥೆನ್ಸ್ ಏರ್‌ಪೋರ್ಟಿಂದ ಎಕ್ಸ್ 93 ನಂಬರ್ ಬಸ್ ಹತ್ತಿದ್ರೆ ನೇರ ಕಿಫಿಸೋಸ್ ಬಸ್ ಸ್ಟ್ಯಾಂಡ್‌ಗೆ ಬಿಡುತ್ತೆ, ಅಲ್ಲಿಂದ ಕೆಟೆಲ್ ಬಸ್ಸಲ್ಲಿ ನಾಫ್ಲಿಯೊಗೆ ಎರಡರಿಂದ ಎರಡೂವರೆ ಗಂಟೆ. ಬಸ್ ಸ್ಟ್ಯಾಂಡ್ ನೋಡಿ ಗಾಬರಿ ಬೀಳಬೇಡಿ, ಗದ್ದಲ, ಹೊಗೆ, ನಮ್ಮ ಮೆಜೆಸ್ಟಿಕ್ ನೋಡಿದೋರಿಗೆ ಏನೂ ಅನ್ಸಲ್ಲ. ಊರಿಗೆ ಈಗ ರೈಲಿಲ್ಲ.

ರೂಮ್ ಬುಕ್ ಮಾಡುವಾಗ ಒಂದು ವಿಷಯ ಕೇಳ್ಕೊಳ್ಳಿ, ಬೀದಿಯಿಂದ ರೂಮಿಗೆ ಎಷ್ಟು ಮೆಟ್ಟಿಲು ಅಂತ. ಹಳೇ ಊರು ಗುಡ್ಡಕ್ಕೆ ಒರಗಿಕೊಂಡು ಕಟ್ಟಿರೋದು, ಮೇಲಿನ ಬೀದಿಗಳು ಬೀದಿಗಳೇ ಅಲ್ಲ, ಮೆಟ್ಟಿಲುಗಳೇ. ಫೋಟೋದಲ್ಲಿ ಕಾಗದದ ಹೂವಿನ ಬಳ್ಳಿ ಬಾಲ್ಕನಿ ತುಂಬಾ ಹಬ್ಬಿರೋದು ಕಾಣುತ್ತೆ, ಇಪ್ಪತ್ಮೂರು ಕೆಜಿ ಸೂಟ್‌ಕೇಸ್ ತಲೆ ಮೇಲೆ ಹೊತ್ಕೊಂಡು ಹತ್ತೋ ಮಗ ಕಾಣಲ್ಲ. ಕೆಳಗಿನ ಸಿಂಟಾಗ್ಮಾ ಚೌಕಕ್ಕೆ ಪೂರ್ತಿ ಮಾರ್ಬಲ್ ಚಪ್ಪಡಿ ಹಾಸಿದಾರೆ, ನಾಲ್ಕು ಹನಿ ಮಳೆ ಬಿದ್ರೆ ಜಾರುತ್ತೆ, ವಯಸ್ಸಾದೋರಿಗೆ ಒಳ್ಳೆ ಹಿಡಿತ ಇರೋ ಶೂ ಹಾಕ್ಸಿ.

ಈಗ ಊರಿನ ಕಥೆ. ಗ್ರೀಸ್ ತುರ್ಕರಿಂದ ಬಿಡಿಸ್ಕೊಂಡು ಹೊಸ ದೇಶ ಆದಾಗ ಮೊದಲ ರಾಜಧಾನಿ ಅಥೆನ್ಸ್ ಅಲ್ಲ, ಈ ಪುಟ್ಟ ಊರು. 1834ರಲ್ಲಿ ರಾಜಧಾನಿ ಅಥೆನ್ಸ್‌ಗೆ ಹೋಯ್ತು, ಅಂದ್ರೆ ಸಿಕ್ಕಿದ್ದು ಕೆಲವೇ ವರ್ಷ, ಆ ಕೆಲವು ವರ್ಷದಲ್ಲಿ ನಡೆದಿರೋದನ್ನ ಕೇಳಿದ್ರೆ ತಲೆ ತಿರುಗುತ್ತೆ. ಇಲ್ಲಿ ಯಾವ ಕಟ್ಟಡವೂ ಕಟ್ಟಿದ ಕೆಲಸಕ್ಕೇ ಉಳಿದಿಲ್ಲ. ಚೌಕದ ಪಕ್ಕ ವುಲೆಫ್ಟಿಕೊ ಅಂತ ಒಂದು ದಪ್ಪ ಗೋಡೆಯ ಕಟ್ಟಡ ಇದೆ, ಅದು ಮಸೀದಿ ಆಗಿತ್ತು, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪಾರ್ಲಿಮೆಂಟ್ ಆಯ್ತು, ಆಮೇಲೆ ಅಲ್ಲೇ ಕೋರ್ಟು ಕೂತಿತು. ಚೌಕದಲ್ಲೇ ಇರೋ ಇನ್ನೊಂದು ಮಸೀದಿ ಶಾಲೆ ಆಗಿ, ಆಮೇಲೆ ಟ್ರಿಯಾನನ್ ಅನ್ನೋ ಸಿನಿಮಾ ಥಿಯೇಟರ್ ಆಯ್ತು. ಮ್ಯೂಸಿಯಂ ಇರೋದು ವೆನಿಸ್‌ನೋರ ಕಾಲದ ಉಗ್ರಾಣದಲ್ಲಿ.

ಆ ಕೋರ್ಟಿನ ಕಥೆ ಗೈಡ್‌ಗಳು ಅವಸರದಲ್ಲಿ ಬಿಟ್ಟುಬಿಡ್ತಾರೆ, ನನಗೆ ಇಡೀ ಊರಲ್ಲಿ ಹೆಚ್ಚು ಇಷ್ಟ ಆಗಿದ್ದೇ ಅದು. ಕೊಲೊಕೊಟ್ರೋನಿಸ್ ಅಂದ್ರೆ ಗ್ರೀಕರಿಗೆ ಸ್ವಾತಂತ್ರ್ಯ ಹೋರಾಟದ ದೊಡ್ಡ ಸೇನಾನಿ. ದೇಶ ಬಂತು, ಯುರೋಪಿನ ದೊಡ್ಡ ದೇಶಗಳು ಸೇರಿ ಬವೇರಿಯಾದಿಂದ, ಅಂದ್ರೆ ನಮ್ಮ ಮ್ಯೂನಿಕ್ ಸೀಮೆಯಿಂದ, ಒಟ್ಟೊ ಅಂತ ಒಬ್ಬ ಹುಡುಗನನ್ನ ರಾಜ ಮಾಡಿ ಕಳ್ಸಿದ್ರು, 1833ರಲ್ಲಿ ಇಲ್ಲಿ ಹಡಗಿಂದ ಇಳಿದಾಗ ಅವನಿಗೆ ಹದಿನೇಳು ವರ್ಷ. ಅವನ ಪರವಾಗಿ ಆಳ್ತಿದ್ದೋರು ಇದೇ ಮುದಿ ಸೇನಾನಿ ಮೇಲೆ ರಾಜದ್ರೋಹದ ಕೇಸ್ ಹಾಕಿದ್ರು. 1834ರಲ್ಲಿ ಆ ಮಸೀದಿ ಕಟ್ಟಡದಲ್ಲೇ ವಿಚಾರಣೆ. ಐವರು ಜಡ್ಜ್‌ಗಳಲ್ಲಿ ಮೂವರು ಮರಣದಂಡನೆ ಅಂದ್ರು, ಪೊಲಿಜೊಯಿಡಿಸ್, ಟೆರ್ಟ್ಸೆಟಿಸ್ ಅನ್ನೋ ಇಬ್ಬರು ಸಹಿ ಹಾಕಲ್ಲ ಅಂತ ಕೂತ್ಬಿಟ್ರು, ಸೈನಿಕರು ಬಂದು ಎಳ್ಕೊಂಡು ಹೋಗಿ ಪೀಠದ ಮೇಲೆ ಕೂರಿಸಿದ್ರೂ ಹಾಕಲಿಲ್ಲ. ಶಿಕ್ಷೆ ಜೈಲಿಗೆ ಇಳೀತು, ಮುಂದಿನ ವರ್ಷ ರಾಜ ಕ್ಷಮಿಸಿದ. ಆಮೇಲೆ ಆ ಸೇನಾನಿ ತನ್ನ ನೆನಪುಗಳನ್ನ ಹೇಳ್ತಾ ಹೋದಾಗ ಕೂತು ಬರ್ಕೊಂಡಿದ್ದು ಯಾರು ಗೊತ್ತಾ, ಅದೇ ಟೆರ್ಟ್ಸೆಟಿಸ್.

ಮ್ಯೂನಿಕ್‌ನಲ್ಲಿರೋ ನಮ್ಮ ಕನ್ನಡದೋರಿಗೆ ಒಂದು ಮಾತು, ಅಕ್ಟೋಬರ್‌ಫೆಸ್ಟ್ ಶುರುವಾಗಿದ್ದು 1810ರಲ್ಲಿ ಬವೇರಿಯಾ ಯುವರಾಜ ಲುಡ್ವಿಗ್ ಮದುವೆಯಲ್ಲಿ ಅಂತ ಎಲ್ರಿಗೂ ಗೊತ್ತಲ್ಲ, ಒಟ್ಟೊ ಆ ಮದುವೆಯ ಮಗ. ಊರಾಚೆ ಪ್ರೊನಿಯಾ ಅನ್ನೋ ಬಡಾವಣೆಯಲ್ಲಿ ಬಂಡೆಯಲ್ಲಿ ಕೆತ್ತಿದ ಒಂದು ದೊಡ್ಡ ಮಲಗಿರೋ ಸಿಂಹ ಇದೆ, ಮಗನ ಜೊತೆ ಬಂದು ಜ್ವರ ಬಡಿದು ಸತ್ತ ಬವೇರಿಯಾ ಸೈನಿಕರ ನೆನಪಿಗೆ ಲುಡ್ವಿಗ್ ಕೆತ್ತಿಸಿದ್ದು. ಟೂರ್ ಬಸ್ಸಿನ ಗಲಾಟೆ ಇಲ್ಲ, ನಡ್ಕೊಂಡೇ ಹೋಗಬಹುದು.

ಒಟ್ಟೊಗಿಂತ ಮುಂಚೆ ಇಲ್ಲಿ ಆಳ್ತಿದ್ದೋನು ಕಪೋಡಿಸ್ಟ್ರಿಯಾಸ್, ರಷ್ಯಾದ ವಿದೇಶಾಂಗ ಮಂತ್ರಿ ಆಗಿದ್ದೋನು. ಅವನು ಆಲೂಗಡ್ಡೆ ತರಿಸಿ ಹಂಚಿದ್ರೆ ಜನ ಮೂಸೂ ನೋಡ್ಲಿಲ್ಲವಂತೆ, ಆಗ ರಾಶಿ ಹಾಕಿಸಿ ಕಾವಲು ಇಟ್ಟ, ಕದ್ಕೊಂಡು ಹೋದ್ರೆ ನೋಡದಂಗೆ ಇರಿ ಅಂತ ಕಾವಲಿನೋರಿಗೆ ಹೇಳಿದ್ದ, ರಾಶಿ ಖಾಲಿ ಆಯ್ತು ಅಂತ ಕಥೆ ಹೇಳ್ತಾರೆ. ಮಾನಿ ಕಡೆಯ ಒಂದು ದೊಡ್ಡ ಮನೆತನದ ಯಜಮಾನನನ್ನ ಜೈಲಿಗೆ ಹಾಕಿದ್ದಕ್ಕೆ ಆ ಮನೆಯ ತಮ್ಮ, ಮಗ ಇಬ್ಬರೂ ಸೇರಿ 1831ರಲ್ಲಿ ಸಂತ ಸ್ಪಿರಿಡಾನ್ ಚರ್ಚಿನ ಬಾಗಿಲಲ್ಲೇ ಅವನನ್ನ ಕೊಂದ್ರು. ಚರ್ಚ್ ನಮ್ಮೂರ ಸಣ್ಣ ದೇವಸ್ಥಾನದಷ್ಟೇ ಇದೆ, ಇಕ್ಕಟ್ಟಾದ ಮೆಟ್ಟಿಲ ಬೀದಿ. ಬಾಗಿಲ ಪಕ್ಕ ಗೋಡೆಯಲ್ಲಿ ಗುಂಡಿನ ಗುರುತು, ಅದಕ್ಕೊಂದು ಗಾಜು ಹಾಕಿದಾರೆ. ಗಾಜಿನ ಮೇಲೆಲ್ಲಾ ಬೆರಳಿನ ಗುರುತು. ಅಮ್ಮ ಸೆರಗಲ್ಲಿ ಒರೆಸಿ ನೋಡಿ, "ಪೂಜೆಗೆ ಬಂದೋನನ್ನ ಹೊಡೆದ್ರೇನೋ?" ಅಂತ ಕೇಳಿದ್ರು. ಹೌದಮ್ಮ ಅಂದೆ. ಕೈ ಮುಗಿದ್ರು.

ಪಲಮಿಡಿ ಕೋಟೆಗೆ ಬರ್ತೀನಿ. 216 ಮೀಟರ್ ಎತ್ತರದ ಗುಡ್ಡ, ವೆನಿಸ್‌ನೋರು 1711ರಿಂದ 1714ರೊಳಗೆ ಎಂಟು ಬುರುಜು ಕಟ್ಟಿ ಮುಗಿಸಿದ್ರು, 1715ರಲ್ಲಿ ತುರ್ಕರು ಕಿತ್ಕೊಂಡ್ರು! ಊರಿಂದ ಮೇಲಕ್ಕೆ 999 ಮೆಟ್ಟಿಲು ಅಂತಾರೆ, ಸಾವಿರನೇದು ಕೊಲೊಕೊಟ್ರೋನಿಸ್ ಕುದುರೆ ಕಾಲಿಗೆ ಸಿಕ್ಕಿ ಮುರೀತಂತೆ. ಅಮ್ಮ ಪ್ರತಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತೋರು, ಎಣಿಸ್ತಾ ಹತ್ತಿದ್ರು, ನಡುವೆ ಹೆಂಡತಿ ನೀರು ಬೇಕಾ ಅಂತ ಕೇಳಿ ಲೆಕ್ಕ ತಪ್ಪಿಸಿದ್ಲು, ಆದ್ರೂ ಒಂಬೈನೂರು ದಾಟಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ರು. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಹೊತ್ತೇರಿದ ಮೇಲೆ ಬಿಸಿಲು ಜೋರಾಗುತ್ತೆ, ಅಕ್ಟೋಬರಲ್ಲೂ. ನೀರು ಕೆಳಗಿಂದಲೇ ತಗೊಂಡು ಹೋಗಿ. ಮಂಡಿ ನೋವಿದ್ರೆ ಹತ್ತಿ, ಇಳೀಬೇಡಿ. ಮೇಲೆ ತನಕ ರಸ್ತೆ ಇದೆ, ಟ್ಯಾಕ್ಸಿಗೆ ಹೇಳಿಟ್ಟಿರಿ. ಒಳಗೆ ಕೊಲೊಕೊಟ್ರೋನಿಸ್‌ನ ಇಟ್ಟಿದ್ದು ಅಂತ ತೋರಿಸೋ ಕತ್ತಲೆ ಕೋಣೆಗೆ ಬಗ್ಗಿಕೊಂಡೇ ಹೋಗ್ಬೇಕು, ತಲೆ ಜೋಪಾನ.

ಕೋಟೆಗೆ ಹೆಸರು ಬಂದಿರೋದು ಪುರಾಣದ ಪಲಮಿಡಿಸ್‌ನಿಂದ. ದಾಳ ಕಂಡುಹಿಡಿದೋನು ಅವನೇ ಅಂತಾರೆ, ಕೊನೆಗೆ ಒಡಿಸ್ಸಿಯಸ್ ಮೋಸದಿಂದ ದ್ರೋಹಿ ಅಂತ ಮಾಡಿ ಕಲ್ಲು ಹೊಡೆಸಿ ಕೊಲ್ಲಿಸಿದ. ಇಲ್ಲಿ ದಾಳದೋನೇ ಮೋಸ ಹೋದ, ನಮ್ಮ ಶಕುನಿಗೆ ಉಲ್ಟಾ.

ಸಮುದ್ರದ ನಡುವೆ ಕಾಣೋ ಚಿಕ್ಕ ಕೋಟೆ ಬೂರ್ಜಿ. ಅದನ್ನ ಎಲ್ರೂ ಫೋಟೋ ತೆಗೀತಾರೆ, ಅಲ್ಲಿ ಯಾರಿದ್ರು ಅಂತ ಗೊತ್ತಿರಲ್ಲ. ಪಲಮಿಡಿ ಜೈಲಲ್ಲಿ ಗಿಲೋಟಿನ್, ಅಂದ್ರೆ ತಲೆ ಕಡಿಯೋ ಯಂತ್ರ, ನಡೆಸ್ತಿದ್ದೋರು, ಅವರೂ ಕೈದಿಗಳೇ, ಊರೊಳಗೆ ಅವರನ್ನ ಸೇರಿಸ್ತಿರಲಿಲ್ಲ, ಅದಕ್ಕೇ ನೀರಿನ ನಡುವೆ ವಾಸ. 1930ರ ದಶಕದಲ್ಲಿ ಅದನ್ನೇ ಹೋಟೆಲ್ ಮಾಡಿದ್ರು.

ಮ್ಯೂಸಿಯಂಗೆ ಮಂಗಳವಾರ ರಜೆ, ನೋಡ್ಕೊಂಡು ಪ್ಲಾನ್ ಮಾಡಿ. ಬೇರೇನೂ ನೋಡದಿದ್ರೂ ಡೆಂಡ್ರಾ ಕವಚ ನೋಡಿ, ಸುಮಾರು 3,400 ವರ್ಷ ಹಳೇ ಕಂಚಿನ ತಗಡುಗಳು, ಕುತ್ತಿಗೆಯಿಂದ ಮಂಡಿ ತನಕ ಒಂದರ ಮೇಲೊಂದು ಪಟ್ಟಿ, ಜೊತೆಗೆ ಕಾಡುಹಂದಿ ಕೋರೆ ಸೀಳಿ ಹೊಲಿದಿರೋ ಶಿರಸ್ತ್ರಾಣ. 1960ರಲ್ಲಿ ಪಕ್ಕದ ಹಳ್ಳಿಯ ಸಮಾಧಿಯಲ್ಲಿ ಸಿಕ್ಕಿದ್ದು.

ಸಸ್ಯಾಹಾರಿಗಳಿಗೆ ಒಂದು ಮಂತ್ರ ಕೊಡ್ತೀನಿ, "ನಿಸ್ತೀಸಿಮೊ". ಇಲ್ಲಿನ ಆರ್ಥೊಡಾಕ್ಸ್ ಜನ ಉಪವಾಸದ ದಿನ ತಿನ್ನೋ ಊಟ, ಮಾಂಸ, ಮೊಟ್ಟೆ, ಹಾಲು ಇಲ್ಲ. ವೆಜಿಟೇರಿಯನ್ ಅಂದ್ರೆ ಅರ್ಥ ಆಗದ ಅಜ್ಜಿಗೂ ಇದು ತಕ್ಷಣ ಅರ್ಥ ಆಗುತ್ತೆ. ಆದ್ರೆ ಹುಷಾರು, ಆಕ್ಟೋಪಸ್, ಸೀಗಡಿ ಅವರ ಉಪವಾಸಕ್ಕೆ ನಡೆಯುತ್ತೆ, ಅದನ್ನ ಬೇರೆ ಹೇಳ್ಬೇಕು. ಗಿಗಾಂಟೆಸ್ ಅಂದ್ರೆ ಟೊಮೇಟೊದಲ್ಲಿ ಬೇಯಿಸಿದ ಡಬಲ್ ಬೀನ್ಸ್, ಫಾವಾ ಅಂದ್ರೆ ಗಟ್ಟಿ ತೊವ್ವೆ. ಹೋರ್ತಾ ಅಂದ್ರೆ ಬೇಯಿಸಿದ ಸೊಪ್ಪಿಗೆ ನಿಂಬೆರಸ, ಆಲಿವ್ ಎಣ್ಣೆ. ಅಮ್ಮ ಒಂದು ತುತ್ತು ತಿಂದು "ಬಸ್ಸಾರಿಗೆ ಬಸಿದು ಒಗ್ಗರಣೆ ಮರ್ತಿದಾರೆ" ಅಂದ್ರು, ತಟ್ಟೆ ಮಾತ್ರ ಖಾಲಿ ಮಾಡಿದ್ರು.

ಮಧ್ಯಾಹ್ನ ಎರಡರಿಂದ ಐದರ ತನಕ ಎಷ್ಟೋ ಅಂಗಡಿ ಮುಚ್ಚಿರುತ್ತೆ, ನೀವೂ ಮಲಗಿ. ಸಂಜೆ ಕೊಂಬೊಲೊಯಿ ಮ್ಯೂಸಿಯಂ ಕಡೆ ಹೋಗಿ, ಕೊಂಬೊಲೊಯಿ ಅಂದ್ರೆ ಮಣಿ ಸರ, ನಮ್ಮ ಜಪಮಾಲೆ ಥರ ಇರುತ್ತೆ, ಆದ್ರೆ ಜಪಕ್ಕಲ್ಲ, ಗಂಡಸರು ಕಾಫಿ ಅಂಗಡಿಯಲ್ಲಿ ಕೂತು ಸುಮ್ನೆ ಬೆರಳಲ್ಲಿ ತಿರುಗಿಸೋಕೆ. ಬೇರೊಂದು ಅಂಗಡಿಯಲ್ಲಿ ಅಮ್ಮ ಒಂದು ಸರ ಕೈಗೆ ತಗೊಂಡು ಅಭ್ಯಾಸಬಲದಿಂದ ತೋರುಬೆರಳು ಬಿಟ್ಟು ಮಣಿ ಎಣಿಸೋಕೆ ಶುರು ಮಾಡಿದ್ರು, ಅಂಗಡಿಯ ಮುದುಕ ಹಂಗಲ್ಲ ಅಂತ ಅದನ್ನ ಇಸ್ಕೊಂಡು ಟಪ್ ಟಪ್ ಅಂತ ಬೆರಳ ಸುತ್ತ ಬೀಸಿ ತೋರಿಸಿದ. ಹತ್ತು ನಿಮಿಷ ಇಬ್ಬರೂ ಭಾಷೆಯಿಲ್ದೆ ಒಬ್ಬರಿಗೊಬ್ಬರು ಪಾಠ ಹೇಳ್ಕೊಂಡ್ರು.

ನಾವು ಮಾಡಿದ ತಪ್ಪು ಒಂದೇ. ಮೈಸಿನೀಗೆ ಬಸ್ಸಲ್ಲಿ ಹೋದ್ವಿ, ವಾಪಸ್ ಬಸ್ ಟೈಮ್ ಕೇಳ್ಕೊಳ್ಳಲಿಲ್ಲ, ದಿನಕ್ಕೆ ಕೆಲವೇ ಇರೋದು, ಕೊನೆಗೆ ಟ್ಯಾಕ್ಸಿಗೆ ಹೇಳಿದಷ್ಟು ಕೊಟ್ಟು ಬಂದ್ವಿ. ಟಿರಿನ್ಸ್ ಅನ್ನೋ ಇನ್ನೊಂದು ಹಳೇ ಅವಶೇಷದ ಜಾಗ ಆದ್ರೆ ನಾಲ್ಕೇ ಕಿಲೋಮೀಟರ್, ಆ ಚಿಂತೆ ಇಲ್ಲ. ಶನಿವಾರ ಭಾನುವಾರ ಅಥೆನ್ಸ್ ಜನವೇ ಇಲ್ಲಿಗೆ ಬಂದು ತುಂಬ್ಕೊಳ್ತಾರೆ, ರೂಮ್ ರೇಟ್ ಏರುತ್ತೆ, ಭಾನುವಾರ ಸಂಜೆ ಬಸ್ಸಲ್ಲಿ ಸೀಟು ಸಿಗೋದು ಕಷ್ಟ. ಸೋಮವಾರ ಬಂದು ಬುಧವಾರ ಹೊರಡಿ, ಆದ್ರೆ ಮ್ಯೂಸಿಯಂ ಸೋಮವಾರವೇ ಮುಗಿಸ್ಕೊಳ್ಳಿ.