ಸೀಳು ಬೇಡ, ತೂತು ಸಾಕು

ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟಿನ ನಮ್ಮ ತಂಡದಲ್ಲಿ ಸ್ಟೇರಿಂಗ್ ನನ್ನ ಪಾಲಿಗೆ ಬಂದದ್ದು ಬೇರೆ ಯಾರೂ ಕೇಳಲಿಲ್ಲ ಅಂತ. ಎಲ್ಲರಿಗೂ ಎಂಜಿನ್ ಬೇಕಿತ್ತು. ಸ್ಟೇರಿಂಗ್ ಅಂದರೆ ಒಂದು ರ‍್ಯಾಕ್ (ಸ್ಟೇರಿಂಗ್ ತಿರುಗಿಸಿದಂತೆ ಅಡ್ಡಕ್ಕೆ ಸರಿಯುವ ಹಲ್ಲಿನ ಸರಳು), ಅದನ್ನು ಚಕ್ರಗಳಿಗೆ ಜೋಡಿಸುವ ಎರಡು ಟೈ ರಾಡ್, ಅಷ್ಟೇ ಅಲ್ವಾ?

ಕಾರು ತಿರುಗುವಾಗ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಆಕರ್‌ಮನ್ 1818ರಲ್ಲಿ ಕುದುರೆ ಗಾಡಿಗಾಗಿ ಪೇಟೆಂಟ್ ಮಾಡಿಸಿದ ಉಪಾಯ ಇದು. (ಕಂಡುಹಿಡಿದವನು ಲ್ಯಾಂಕೆನ್‌ಸ್ಪರ್ಗರ್. ಹೆಸರು ಉಳಿದದ್ದು ಪೇಟೆಂಟ್ ಮಾಡಿಸಿದವನದ್ದು!) ನಮ್ಮ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) 1550 ಮಿ.ಮೀ., ಟ್ರ್ಯಾಕ್ (ಎಡ, ಬಲ ಚಕ್ರಗಳ ಅಂತರ) 1200. 4 ಮೀಟರ್ ತ್ರಿಜ್ಯದ ಹೇರ್‌ಪಿನ್ನಿಗೆ ಲೆಕ್ಕ ಹಾಕಿದರೆ ಒಳಚಕ್ರ 24.5 ಡಿಗ್ರಿ, ಹೊರಚಕ್ರ 18.6. ಸ್ಕಿಡ್‌ಪ್ಯಾಡಿನ (ವೃತ್ತಾಕಾರದಲ್ಲಿ ಓಡಿಸುವ ಪರೀಕ್ಷೆಯ) 9 ಮೀಟರ್ ತ್ರಿಜ್ಯದಲ್ಲಿ ವ್ಯತ್ಯಾಸ ಒಂದೂಕಾಲು ಡಿಗ್ರಿ ಮಾತ್ರ.

ಆದರೆ ಇದೆಲ್ಲ ಟಯರ್ ಜಾರದೆ ಉರುಳಿದರೆ. ರೇಸಿನಲ್ಲಿ ಟಯರ್ ಸ್ವಲ್ಪ ಓರೆಯಾಗಿ ಜಾರುತ್ತಲೇ ಹಿಡಿತ ಕೊಡುತ್ತದೆ, ಭಾರ ಹೊರಚಕ್ರದ ಮೇಲೆ ಬೀಳುತ್ತದೆ. ಹಾಗಾದರೆ ಎಷ್ಟು ವ್ಯತ್ಯಾಸ ಸರಿ? ಕಾಗದದ ಮೇಲೆ ಜಗಳ ಆಡಿದ್ದೇ ಆಡಿದ್ದು. ಕೊನೆಗೆ, ರೇಸ್ ಟ್ರ್ಯಾಕಿನಲ್ಲೇ ಬದಲಾಯಿಸಿ ನೋಡೋಣ ಅಂತಾಯಿತು.

ಟೈ ರಾಡ್ ಕೂರುವ ಸ್ಟೇರಿಂಗ್ ಆರ್ಮನ್ನು, ಚಕ್ರವನ್ನು ಹಿಡಿದಿರುವ ಅಪ್‌ರೈಟಿನಿಂದ ಬೇರೆ ಮಾಡಿ, ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್ ಮಾಡಿದೆವು. ಅದರಲ್ಲಿ ಟೈ ರಾಡಿನ ತುದಿಗೆ ಅಡ್ಡಡ್ಡಲಾಗಿ ಮೂರು ತೂತು. ನಮ್ಮ ರ‍್ಯಾಕ್ ಆಕ್ಸಲಿಗಿಂತ ಮುಂದಿತ್ತು. ಹಾಗಾಗಿ ಟೈ ರಾಡ್ ಚಕ್ರದ ಕಡೆಗೆ ಸರಿದಷ್ಟೂ ಆಕರ್‌ಮನ್ (ಒಳ, ಹೊರ ಚಕ್ರಗಳ ಕೋನದ ವ್ಯತ್ಯಾಸ) ಜಾಸ್ತಿ. ಎಲ್ಲಿಯವರೆಗೆ? ರಿಮ್ಮಿಗೆ ತಾಗುವವರೆಗೆ!

ತೂತಿನ ಬದಲು ಉದ್ದ ಸೀಳು ಕೊಡಿ, ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂದವರು ತಂಡದಲ್ಲಿ ಬಹಳ ಮಂದಿ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸೀಳಿನಲ್ಲಿ ಬೋಲ್ಟ್ ನಿಲ್ಲುವುದು ಬರೀ ಬಿಗಿತದ ಮೇಲೆ. ಒಂದು ಜೋರು ಏಟಿಗೆ ಅದು ಸರಿದರೆ ಎಡ ಬಲ ಎರಡು ದಾರಿ. ತೂತಾದರೆ ಎರಡನೆಯದು ಅಂದರೆ ಎರಡೂ ಕಡೆ ಎರಡನೆಯದೇ.

ತೂತು ಬದಲಾದರೆ ಟೋ (ಚಕ್ರ ನೇರಕ್ಕಿಂತ ಒಳಗೋ ಹೊರಗೋ ತಿರುಗಿ ನಿಲ್ಲುವ ಕೋನ) ಕೂಡ ಕೆಡುತ್ತದೆ. ಅದಕ್ಕೇ ಟೈ ರಾಡಿನ ಒಂದು ತುದಿಗೆ ಎಡ ಥ್ರೆಡ್, ಇನ್ನೊಂದಕ್ಕೆ ಬಲ. ಲಾಕ್‌ನಟ್ ಸಡಿಲಿಸಿ, ರಾಡ್ ತಿರುಗಿಸಿ ಉದ್ದ ಹೊಂದಿಸಿ, ಕಾರಿನ ಪಕ್ಕಕ್ಕೆ ದಾರ ಕಟ್ಟಿ ಅಳೆಯುವುದು. ಆಮೇಲೆ ಬಂಪ್ ಸ್ಟೀರ್, ಅಂದರೆ ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗೇ ತಿರುಗುವುದು. ಸ್ಪ್ರಿಂಗ್ ಬಿಚ್ಚಿ ಒಬ್ಬ ಜ್ಯಾಕಿನಿಂದ ಚಕ್ರ ಎತ್ತುತ್ತಿದ್ದ, ಇನ್ನೊಬ್ಬ ಡಯಲ್ ಗೇಜಿನ ಮುಳ್ಳು ಓದುತ್ತಿದ್ದ. ಮುಳ್ಳು ಓಡಿದರೆ ರಾಡ್ ಎಂಡಿನ ಕೆಳಗೆ ಒಂದು ತೆಳು ವಾಷರ್. ಮತ್ತೆ ಎತ್ತು, ಮತ್ತೆ ಓದು. ಇಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಟ್ರ್ಯಾಕಿನಲ್ಲಿ ತೂತು ಬಿಟ್ಟು ಬೇರೇನೂ ಮುಟ್ಟಬಾರದು ಅಂತ ನಿಯಮ ಮಾಡಿಕೊಂಡೆವು. ಹೊರಗಿನ ತೂತಿಗೆ ಹೋದಾಗ ಹೇರ್‌ಪಿನ್ನಿನಲ್ಲಿ "ಈಗ ಮೂತಿ ಮಾತು ಕೇಳ್ತಿದೆ" ಅಂದ ನಮ್ಮ ಡ್ರೈವರ್. ಸ್ಕಿಡ್‌ಪ್ಯಾಡಿನಲ್ಲಿ ಅವನಿಗೆ ಏನೂ ಗೊತ್ತಾಗಲಿಲ್ಲ. ಒಂದೂಕಾಲು ಡಿಗ್ರಿಯಲ್ಲಿ ಗೊತ್ತಾಗುವುದಾದರೂ ಏನು!

ಸ್ಪರ್ಧೆಯ ಡಿಸೈನ್ ಸುತ್ತಿಗೆ 150 ಅಂಕ. ನಾವು ಗ್ರಾಫುಗಳನ್ನೆಲ್ಲ ಜೋಡಿಸಿಕೊಂಡು ನಿಂತಿದ್ದೆವು. ತೀರ್ಪುಗಾರರು ಅವನ್ನು ನೋಡಿದ್ದು ಆಮೇಲೆ. ಮೊದಲು ಮಾಡಿದ್ದು, ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಸಡಿಲ ಇದೆಯಾ ಅಂತ ಜೋರಾಗಿ ಅಲ್ಲಾಡಿಸಿದ್ದು.